ಬಯಲಿಗೆ ಬಂದ ಕಿವಿ

ಮಂದಾಕಿನಿ ಎರಡು ವರ್ಷ ಕೂತು ಬರೆದ 'ತಿಳಿದನಿ' ಎಂಬ ತಂತ್ರಾಂಶ ಯುಗಾದಿಯ ಹಿಂದಿನ ವಾರ ನಾಡಿನ ಎಲ್ಲ ನಿನದ ಕೃತಕ ಕಿವಿಗಳಿಗೂ ಇಳಿಯಿತು. ಮರುದಿನದಿಂದಲೇ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿದ್ದ ನಿನದ ಸಂಸ್ಥೆಗೆ ಸಂದೇಶಗಳು ಬರತೊಡಗಿದವು. ದಾವಣಗೆರೆಯ ಒಬ್ಬ ಮೇಷ್ಟರು, ತರಗತಿಯ ಫ್ಯಾನಿನ ಗರಗರ ಮಾಯವಾಗಿ ಹಿಂದಿನ ಬೆಂಚಿನ ಮಕ್ಕಳ ಮಾತು ಕೇಳಿಸಿತು ಎಂದು ಬರೆದಿದ್ದರು. ಕಾರವಾರದ ಒಬ್ಬಾಕೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಪಕ್ಕದವರ ಜೊತೆ ನೆಮ್ಮದಿಯಾಗಿ ಹರಟೆ ಹೊಡೆದೆ, ಇಷ್ಟು ವರ್ಷ ಸುಮ್ಮನೆ ತಲೆಯಾಡಿಸುತ್ತಿದ್ದೆ ಎಂದಿದ್ದಳು. ಮಂದಾಕಿನಿ ಅವನ್ನೆಲ್ಲ ಓದಿ, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು.

ಆ ಕಾಲಕ್ಕೆ ಕೃತಕ ಕಿವಿ ಎಂಬುದು ಕನ್ನಡಕದಷ್ಟು ಸಾಮಾನ್ಯವಲ್ಲದಿದ್ದರೂ ಅಪರೂಪದ ವಸ್ತುವಾಗಿ ಉಳಿದಿರಲಿಲ್ಲ. ಕಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಒಂದು ಯಂತ್ರ. ಹೊರಗಿನ ಸದ್ದನ್ನು ಹಿಡಿದು, ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಾಗಿಸಿ ಶ್ರವಣ ನರಕ್ಕೆ ಕೊಡುವುದು ಅದರ ಕೆಲಸ. ಕಂಪ್ಯೂಟರಿಗೆ ಇರುವಂತೆ ಅದಕ್ಕೂ ಒಂದು ಕಾರ್ಯಾಚರಣೆ ವ್ಯವಸ್ಥೆ ಇತ್ತು. ಜನ ಅದನ್ನು ಓಎಸ್ ಎಂದೇ ಕರೆಯುತ್ತಿದ್ದರು. ಯಾವ ಸದ್ದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಈ ಓಎಸ್. ನಿನದದ ಕಿವಿಯೊಳಗೆ, ತಿಳಿದನಿಯನ್ನೂ ಸೇರಿಸಿ, ನಿನದದ್ದೇ ಓಎಸ್. ಅದರಲ್ಲಿ ಏನು ಬರೆದಿದೆ ಎಂದು ಸಂಸ್ಥೆಯ ಹೊರಗಿನವರು ಯಾರೂ ಓದುವ ಹಾಗಿರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಓಎಸ್ ಹುಟ್ಟಿಕೊಂಡಿತ್ತು. ಹೆಸರು ಬಯಲು. ಸಂಬಳವಿಲ್ಲದ ಕೆಲವರು ಬೇರೆ ಬೇರೆ ಊರುಗಳಿಂದ ಕೂಡಿ ಬರೆದದ್ದು. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಧೈರ್ಯವಿದ್ದರೆ ತಮ್ಮ ನಿನದ ಕಿವಿಗೆ ಹಾಕಿಕೊಳ್ಳಬಹುದು. ನಿನದದ ಕ್ಯಾಂಟೀನಿನಲ್ಲಿ ಬಯಲಿನ ಮಾತು ಬಂದರೆ ನಗು ಏಳುತ್ತಿತ್ತು. ಮಂದಾಕಿನಿಯೂ ನಕ್ಕವಳೇ.

ಅವಳ ಗಂಡ ಉಮಾಪತಿ ಪಶುವೈದ್ಯ. ಕಾಲೇಜು ಮುಗಿಯುವ ಹೊತ್ತಿಗೆ ಬಂದ ಮೆದುಳು ಜ್ವರ ಅವನ ಎರಡೂ ಕಿವಿಗಳನ್ನು ಕಿತ್ತುಕೊಂಡಿತ್ತು. ನಿನದದ ಕಿವಿ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಮುಂದೆ ಬಂದು ತಲೆ ಕೊಟ್ಟವರಲ್ಲಿ ಅವನೂ ಒಬ್ಬ. ಆಗ ತಾನೇ ಕೆಲಸಕ್ಕೆ ಸೇರಿದ್ದ ಮಂದಾಕಿನಿಗೆ ಗಾಜಿನ ಕೋಣೆಯಲ್ಲಿ ಅವನೆದುರು ಕೂತು ಪದಗಳನ್ನು ಓದುವ ಕೆಲಸ ಕೊಟ್ಟಿದ್ದರು. ಮೊದಮೊದಲು ಅವನಿಗೆ ಎಲ್ಲವೂ ಗದ್ದಲ. ಆಮೇಲೆ ಗದ್ದಲದೊಳಗಿಂದ ಒಂದೊಂದೇ ಪದ ತಲೆ ಎತ್ತಿತು. ಯಾವ ಮಿಡಿತ ಯಾವ ಅಕ್ಷರ ಎಂದು ಕಿವಿಯೂ ಮೆದುಳೂ ಕೂಡಿ ಕಲಿಯಬೇಕು. ಆ ಕಲಿಕೆಯೆಲ್ಲ ಕಿವಿಯೊಳಗೆ ಒಂದು ನಕ್ಷೆಯಾಗಿ ಕೂರುತ್ತದೆ. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಉಮಾಪತಿಯ ನಕ್ಷೆ ಶುರುವಾದದ್ದು ಮಂದಾಕಿನಿಯ ದನಿಯಿಂದ. ಪದಗಳ ಪಟ್ಟಿ ಮುಗಿದ ಮೇಲೂ ಅವನು ಏನೋ ನೆಪ ಹೇಳಿಕೊಂಡು ಆ ಕೋಣೆಗೆ ಬರುತ್ತಿದ್ದ. ಮುಂದಿನ ವರ್ಷ ಮದುವೆಯಾಯಿತು. ಅದಾಗಿ ಹತ್ತು ವರ್ಷ ಕಳೆದಿತ್ತು.

ತಿಳಿದನಿ ಇಳಿದ ಮೇಲೆ ಒಂದು ಸಂಜೆ ಉಮಾಪತಿ ಮನೆಗೆ ಬಂದವನು ಕಾಲು ತೊಳೆದು, ಕಾಫಿ ಕುಡಿಯದೆ, ಊಟದ ಮೇಜಿನ ಮುಂದೆ ಸುಮ್ಮನೆ ಕೂತ.

"ಏನಾಯ್ತು?" ಎಂದಳು ಮಂದಾಕಿನಿ.

"ವರುಣಾ ಹತ್ತಿರ ದೇವೀರಮ್ಮ ಅಂತ ಒಬ್ರಿದ್ದಾರೆ. ಅವರ ಹಸು ಮೇವು ಬಿಟ್ಟಿತ್ತು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟೆ. ಏನೂ ಇಲ್ಲ. ಹೊಟ್ಟೆ ಪೂರ್ತಿ ನಿಂತುಹೋಗಿದೆ ಅನ್ಕೊಂಡೆ. ಆದ್ರೆ ಹಸು ನೋಡಿದ್ರೆ ಅಷ್ಟು ಕೆಟ್ಟಿಲ್ಲ. ಅನುಮಾನ ಬಂತು. ದೇವೀರಮ್ಮನ ಕಿವಿಗೇ ಸ್ಟೆತಾಸ್ಕೋಪ್ ಕೊಟ್ಟೆ. 'ಒಳ್ಗೆ ಬೀಸೋಕಲ್ಲು ತಿರುಗ್ದಂಗದೆ ಸ್ವಾಮಿ' ಅಂದ್ರು."

ಮಂದಾಕಿನಿಗೆ ತಕ್ಷಣ ಅರ್ಥವಾಯಿತು. ತಿಳಿದನಿ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕುತ್ತದೆ. ಹಸುವಿನ ಹೊಟ್ಟೆಯ ಗುಡುಗುಡು ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದಿನ ಜಾತಿಗೆ ಸೇರಿದ್ದು.

"ಅದಲ್ಲ ವಿಷಯ," ಎಂದ ಉಮಾಪತಿ. "ಹೋದ ವಾರ ಟಿ. ನರಸೀಪುರದ ಕಡೆ ಒಂದು ಹಸು ನೋಡಿದ್ದೆ. ಆಗಷ್ಟೇ ಕರು ಹಾಕಿತ್ತು. ಎಡಪಕ್ಕೆಗೆ ಬೆರಳಿಂದ ತಟ್ಟಿ ಕೇಳ್ದೆ. ಜಠರ ಜಾಗ ಬಿಟ್ಟು ಮೇಲೆ ಬಂದಿದ್ರೆ ಸ್ಟೀಲ್ ಪಾತ್ರೆಗೆ ತಟ್ಟಿದ ಹಾಗೆ ಟಿಣ್ ಅನ್ನುತ್ತೆ. ಅನ್ನಲಿಲ್ಲ. ಅಜೀರ್ಣ ಅಂತ ಔಷಧ ಕೊಟ್ಟು ಬಂದೆ. ನಿನ್ನೆ ಸತ್ತುಹೋಯ್ತಂತೆ. ಟಿಣ್ ಅಂದಿರುತ್ತೆ, ಮಂದಾ. ನನಗೆ ಕೇಳಿಸಲಿಲ್ಲ."

ಅವಳು ಕಾಫಿಯ ಲೋಟವನ್ನು ಅವನ ಕಡೆ ಸ್ವಲ್ಪ ಸರಿಸಿದಳು.

"ಅದನ್ನ ಆರಿಸೋದಕ್ಕೆ ಒಂದು ಸ್ವಿಚ್ ಕೊಡಿ, ಸಾಕು," ಎಂದ ಅವನು. "ಬೇಕಾದಾಗ ಹಾಕ್ಕೋತೀನಿ, ಬೇಡವಾದಾಗ ತೆಗೀತೀನಿ."

"ಕೇಳ್ತೀನಿ," ಎಂದಳು ಮಂದಾಕಿನಿ. "ನಾಳೇನೇ ಅರಸು ಸರ್ ಹತ್ತಿರ ಮಾತಾಡ್ತೀನಿ."

*

ಕಾಂತರಾಜೇ ಅರಸು ನಿನದದ ಮುಖ್ಯ ಎಂಜಿನಿಯರ್. ನಿವೃತ್ತಿಗೆ ಹತ್ತಿರವಾಗಿದ್ದ, ಎತ್ತರದ, ಮೆದುಮಾತಿನ ಮನುಷ್ಯ. ಮಂದಾಕಿನಿಗೆ ಕೆಲಸ ಕಲಿಸಿದವರು ಅವರೇ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಉಮಾಪತಿಯವರಿಗೆ ಆಗಿದ್ದು ನಿಜವಾಗ್ಲೂ ಬೇಜಾರಿನ ವಿಷಯ," ಎಂದರು. "ಆದ್ರೆ ಸ್ವಿಚ್ ಕೊಡೋದಿಲ್ಲ, ಮಂದಾಕಿನಿ."

"ಹತ್ತು ಸಾಲಿನ ಕೆಲಸ ಸರ್ ಅದು."

"ಬರೆಯೋದು ಹತ್ತು ಸಾಲು. ಒಂದು ಸ್ವಿಚ್ ಹೆಚ್ಚಾದ್ರೆ ಎಲ್ಲ ಪರೀಕ್ಷೆನೂ ಮೊದಲಿಂದ ಎರಡು ಸಲ ಮಾಡಬೇಕು, ಹಾಕಿದಾಗ ಒಂದ್ಸಲ, ಆರಿಸಿದಾಗ ಒಂದ್ಸಲ. ದನದ ಡಾಕ್ಟರಿಗೆ ಒಂದು ಕೊಟ್ರೆ ನಾಳೆ ಮೆಕ್ಯಾನಿಕ್ ಬಂದು ಇನ್ನೊಂದು ಕೇಳ್ತಾನೆ. ತಲೆಯೊಳಗೆ ಕೂತಿರೋ ಯಂತ್ರ ಇದು. ರಘೋತ್ತಮನ್ನ ಮರೆತ್ರಾ?"

ಮರೆತಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ರಘೋತ್ತಮ ಎಂಬ ಬ್ಯಾಂಕ್ ನೌಕರ ತನ್ನ ಕಿವಿಯ ಬಲವನ್ನು ತಾನೇ ಹೆಚ್ಚಿಸಿಕೊಂಡಿದ್ದ. ಓಎಸ್ ಹಳಿ ತಪ್ಪಿ ನರಕ್ಕೆ ಮಿತಿ ಮೀರಿದ ಮಿಡಿತಗಳು ನುಗ್ಗಿದವು. ಆತ ನಡುರಸ್ತೆಯಲ್ಲಿ ತಲೆ ಹಿಡಿದುಕೊಂಡು ಬಿದ್ದ. ಬಸ್ಸು ಹತ್ತಿರದಲ್ಲೇ ಬ್ರೇಕ್ ಹಾಕಿದ್ದರಿಂದ ಉಳಿದ. ಆಸ್ಪತ್ರೆಯಲ್ಲಿ ಆತನ ಪಕ್ಕ ಕೂತಿದ್ದ ಅರಸು ಹಿಂದಿರುಗಿ ಬಂದವರೇ ಕಿವಿ ಯಂತ್ರದ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ, ಓಎಸ್ ಮುಟ್ಟಲಾಗದ ಕಡೆ, ಒಂದು ಕಾವಲು ಇಟ್ಟರು. ಕೆಲವು ವಾರಗಳಿಗೊಮ್ಮೆ ಚಿಪ್ಪು ಓಎಸ್‌ಗೆ ಒಂದು ಪ್ರಶ್ನೆ ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಸುಮ್ಮನಾಗುತ್ತದೆ. ಬರದಿದ್ದರೆ, ಓಎಸ್‌ಗೆ ಬುದ್ಧಿ ಕೆಟ್ಟಿದೆ ಎಂದುಕೊಂಡು ನರಕ್ಕೆ ಹೋಗುವ ದಾರಿಯನ್ನೇ ಕತ್ತರಿಸಿಬಿಡುತ್ತದೆ. ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸಲು ತಲೆ ತೆರೆಯಬೇಕು. ಈ ಕಾವಲಿನ ವಿಷಯ ಸಂಸ್ಥೆಯಲ್ಲೇ ನಾಲ್ಕೈದು ಜನರಿಗೆ ಮಾತ್ರ ತಿಳಿದಿತ್ತು. ಪ್ರಶ್ನೆ ಏನು, ಉತ್ತರ ಏನು ಎಂದು ಹೊರಗೆ ಹೇಳುವುದಿಲ್ಲ ಎಂದು ಮಂದಾಕಿನಿಯೂ ಆಗಲೇ ಒಪ್ಪಿ ಸಹಿ ಹಾಕಿದ್ದಳು.

ಸಂಜೆ ಮನೆಗೆ ಬಂದು, ಸ್ವಿಚ್ ಸಿಗುವುದಿಲ್ಲ ಎಂದಳು.

ಉಮಾಪತಿ ಸಿಟ್ಟಾಗಲಿಲ್ಲ. ಸ್ಟೆತಾಸ್ಕೋಪಿನ ಸದ್ದನ್ನು ಗೆರೆಯಾಗಿ ತೋರಿಸುವ ಒಂದು ಪರದೆಯನ್ನು ತರಿಸಿ ಕೆಲವು ವಾರ ಅದನ್ನು ಹಿಡಿದುಕೊಂಡು ತಿರುಗಿದ. ಬಿಸಿಲಿಗೆ ಪರದೆ ಕಾಣದು, ಹಸು ಬಾಲ ಬೀಸಿದರೂ ಗೆರೆ ಕುಣಿಯುತ್ತದೆ. ಕೊನೆಗೆ ಹೋದಲ್ಲೆಲ್ಲ ಮನೆಯವರ ಕಿವಿಗೆ ಸ್ಟೆತಾಸ್ಕೋಪ್ ಕೊಟ್ಟು, ಏನು ಕೇಳಿಸ್ತಿದೆ ಎಂದು ಅವರನ್ನೇ ಕೇಳುವ ಹಾಗಾಯಿತು. ಒಂದು ಭಾನುವಾರ ಬೆಳಗ್ಗೆ ಪತ್ರಿಕೆ ಮಡಚಿಟ್ಟು ಹೇಳಿದ:

"ನಾನು ಬಯಲಿಗೆ ಹೋಗ್ತೀನಿ. ಮಂಡ್ಯದಲ್ಲಿ ಸಲೋಮಿ ಅಂತ ಒಬ್ರು ಹಾಕ್ಕೊಡ್ತಾರಂತೆ."

ಮಂದಾಕಿನಿಯ ಕೈಯಲ್ಲಿದ್ದ ದೋಸೆಯ ಸೌಟು ನಿಂತಿತು. "ನಕ್ಷೆ ಹೋಗುತ್ತೆ. ನಮ್ಮ ನಕ್ಷೆ ಬಯಲಿಗೆ ಓದೋದಕ್ಕೆ ಬರಲ್ಲ. ಮತ್ತೆ ಮೊದಲಿಂದ ಕಲೀಬೇಕು. ನನ್ನ ಮಾತೂ ಅರ್ಥ ಆಗಲ್ಲ ನಿಮಗೆ."

"ಗೊತ್ತು. ಒಂದ್ಸಲ ಕಲಿತಿದ್ದೀನಲ್ಲ."

"ಆಗ ನಿಮಗೆ ಇಪ್ಪತ್ತೆಂಟು."

"ಇನ್ನೇನು ಮಾಡ್ಲಿ, ಹೇಳು."

"ಹೋಗ್ಬೇಡಿ," ಎಂದಳು. ಅವಳ ತಲೆಯಲ್ಲಿದ್ದದ್ದು ನಕ್ಷೆಯಲ್ಲ, ಕಾವಲು. ಬಯಲಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಕೆಲವು ವಾರ ಕಿವಿ ಚೆನ್ನಾಗಿ ನಡೆದು, ಆಮೇಲೆ ಒಂದು ದಿನ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ.

"ಯಾಕೆ?"

"ಹೇಳಕ್ಕಾಗಲ್ಲ."

ಅವನು ಅವಳನ್ನು ದಿಟ್ಟಿಸಿ ನೋಡಿದ. "ಹೇಳಕ್ಕಾಗಲ್ಲ ಅಂದ್ರೆ, ಹೇಳೋದೇನೋ ಇದೆ ಅಂತ ಆಯ್ತು."

ಅವಳು ಒಲೆಯ ಕಡೆ ತಿರುಗಿದಳು. ಕಾವಲಿಯ ಮೇಲಿನ ದೋಸೆ ಕಪ್ಪಾಗಿತ್ತು.

"ಹೇಳ್ಬೇಡ," ಎಂದ ಉಮಾಪತಿ. "ನಾನು ಕೇಳೋದೂ ಇಲ್ಲ. ನೀನು ಮಾತು ಕೊಟ್ಟಿದ್ದೀಯ. ಒಂದೆರಡು ತಿಂಗಳು ಕಾಯ್ತೀನಿ. ಅಷ್ಟೇ ನನ್ನ ಕೈಲಾಗೋದು."

*

ಮುಂದಿನ ಶನಿವಾರ ಮಂದಾಕಿನಿ ಉಮಾಪತಿಗೆ ಹೇಳಿಯೇ ರೈಲು ಹತ್ತಿ ಮಂಡ್ಯಕ್ಕೆ ಹೋದಳು. ಬಯಲಿನ ಕಾರ್ಯಾಗಾರ ಇದ್ದದ್ದು ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯ ಮಹಡಿಯಲ್ಲಿ. ಸಲೋಮಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಶ್ರವಣ ತಜ್ಞೆ, ಬಿಡುವಿದ್ದಾಗಲೆಲ್ಲ ಇಲ್ಲಿರುತ್ತಿದ್ದಳು. ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಅವಳ ಕಿವಿಯ ಹಿಂದೆಯೂ ಹೊಲಿಗೆಯ ಸಣ್ಣ ಗುರುತಿತ್ತು.

ಮಂದಾಕಿನಿ ತಾನು ಯಾರೆಂದು ಮುಚ್ಚಿಡಲಿಲ್ಲ. ಸಲೋಮಿ ಕ್ಷಣ ಹೊತ್ತು ಅವಳನ್ನೇ ನೋಡಿ, ಕುರ್ಚಿ ಎಳೆದುಕೊಟ್ಟಳು.

"ತಿಳಿದನಿ ಬರ್ದೋರು ನೀವೇ ಅನ್ನಿ. ನಮ್ಮಮ್ಮನ ಕಿವೀಲಿ ಅದೇ ಇರಾದು. ಬಲೇ ಖುಷಿಯಾಗವ್ರೆ. ಬಯಲು ಹಾಕ್ತೀನಿ ಅಂದ್ರೆ ಮುಟ್ಟಕ್ಕೂ ಬುಡಲ್ಲ."

ಇಬ್ಬರೂ ನಕ್ಕರು. ಅಲ್ಲಿಂದ ಮುಂದಿನ ಮಾತು ಸಲೀಸಾಯಿತು. ಸಲೋಮಿ ಪರದೆಯ ಮೇಲೆ ಬಯಲಿನ ಸಾಲುಗಳನ್ನು ತೆರೆದು ತೋರಿಸಿದಳು. ಹತ್ತಾರು ಕೈಗಳ ಬರವಣಿಗೆ. ಒಬ್ಬರ ರೀತಿ ಇನ್ನೊಬ್ಬರದಲ್ಲ. ಕೆಲವು ಕಡೆ ಮಂದಾಕಿನಿಗೆ ತಿದ್ದಲು ಕೈ ತುರಿಸುವಷ್ಟು ಒರಟು. ಇನ್ನು ಕೆಲವು ಕಡೆ, ತಾನು ತಿಂಗಳುಗಟ್ಟಲೆ ಒದ್ದಾಡಿದ ಸಮಸ್ಯೆಯನ್ನು ಯಾರೋ ಬೀದರಿನ ಹುಡುಗಿ ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಮಂದಾಕಿನಿ ಅದನ್ನು ಎರಡು ಸಲ ಓದಿ ಹಿಂದಕ್ಕೆ ಒರಗಿದಳು.

ಕೋಣೆಯ ಕಿಟಕಿಯ ಹತ್ತಿರ ಒಬ್ಬ ನಡುವಯಸ್ಸಿನ ಗಂಡಸು ಕೂತು ತಂತಿಗಳನ್ನು ಬೆಸೆಯುತ್ತಿದ್ದ. ಮಂದಾಕಿನಿ ಬಂದದ್ದೂ ಅವನಿಗೆ ತಿಳಿದಿರಲಿಲ್ಲ.

"ಅವ್ರು ಇಮ್ತಿಯಾಜಣ್ಣ," ಎಂದಳು ಸಲೋಮಿ. "ಲಾರಿ ಎಂಜಿನ್ ರಿಪೇರಿ. ಎಂಜಿನ್ ಸದ್ದು ಕೇಳ್ನಿಲ್ಲ ಅಂತ ಬಯಲಿಗೆ ಬಂದ್ರು. ಮೂರು ವಾರ ಚೆಂದಾಗಿ ಕೇಳ್ತಿತ್ತು. ಒಂದಿನ ಬೆಳಗ್ಗೆ ಎದ್ರೆ ಏನೂ ಇಲ್ಲ. ಹಿಂಗೆ ಮೂರು ಜನಕ್ಕೆ ಆಗದೆ. ನಾವು ತಲೆ ಕೆರ್ಕೊಂಡಿದ್ದೇ ಬಂತು. ಈಗ ಯಾರ್ಗೂ ಹಾಕ್ಕೊಡ್ತಿಲ್ಲ. ನಿಮ್ಮೆಜಮಾನ್ರು ಮೊನ್ನೆ ಫೋನ್ ಮಾಡಿದ್ರು, ಅವ್ರಿಗೂ ಅದನ್ನೇ ಹೇಳಿವ್ನಿ."

ಇಮ್ತಿಯಾಜ್ ತಲೆ ಎತ್ತಿ ನೋಡಿ, ಹಣೆಗೆ ಕೈ ಮುಟ್ಟಿಸಿ ಮುಗುಳ್ನಕ್ಕ. ಅವನ ಕಿವಿಯನ್ನು ಕತ್ತರಿಸಿದ್ದು ಯಾವುದು ಎಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಸಲೋಮಿ," ಎಂದಳು, "ಅದು ಯಾಕೆ ಹಾಗಾಯ್ತು ಅಂದ್ರೆ—"

ಸಲೋಮಿ ತಟ್ಟನೆ ಕೈ ಎತ್ತಿ ತಡೆದಳು. "ಬ್ಯಾಡಿ ಮೇಡಂ. ಹೇಳ್ಬ್ಯಾಡಿ."

"ನಿಮಗೆ ಬೇಕಾದದ್ದೇ ಅದು."

"ಬೇಕು. ಆದ್ರೆ ನೀವು ಇಲ್ಲಿ ಕೂತು ನನ್ನ ಕಿವೀಲಿ ಹೇಳಿದ್ರೆ ಅದು ನಿಮ್ಮ ಕಂಪ್ನಿ ಗುಟ್ಟು. ನಾಳೆ ಅದ್ನ ನಾವು ಬರುದ್ರೆ, ಕದ್ದವ್ರೆ ಅಂತ ಕೋರ್ಟಿಗೆ ಹೋಯ್ತಾರೆ. ಬಯಲು ಮುಚ್ಕೋತದೆ, ನಿಮ್ಮ ಕೆಲ್ಸಾನೂ ಹೋಯ್ತದೆ. ನಾವು ಬರ್ದಿರೋ ಒಂದೊಂದು ಸಾಲೂ ಎಲ್ಲಿಂದ ಬಂತು ಅಂತ ತೋರ್ಸಕ್ಕಾಗ್ಬೇಕು. ಅದೊಂದೇ ನಮ್ಮ ಬಲ." ಅವಳು ಮೆಲ್ಲಗೆ ಹೇಳಿದಳು: "ಹೇಳಂಗಿದ್ರೆ ಎಲ್ಲಾರ್ಗೂ ಹೇಳಿ. ಇಲ್ದಿದ್ರೆ ಯಾರ್ಗೂ ಬ್ಯಾಡಿ."

ಅವಳು ತರಿಸಿದ ಟೀ ಕುಡಿದು ಮಂದಾಕಿನಿ ಹೊರಟಳು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಕಬ್ಬಿನ ಗದ್ದೆಗಳನ್ನು ನೋಡುತ್ತಾ, ತಾನು ಬಾಯಿ ಬಿಟ್ಟು ಹೇಳಿ ಹಗುರವಾಗಲು ಹೋಗಿದ್ದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಹಗುರವಾಗುವ ದಾರಿ ಇರಲಿಲ್ಲ.

*

ಸೋಮವಾರ ಅವಳು ಅರಸು ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಸರ್, ನಮ್ಮ ಕಾವಲು ಮೂರು ಜನರ ಕಿವಿ ಕತ್ತರಿಸಿದೆ. ಒಬ್ಬರನ್ನ ನಾನು ನೋಡಿ ಬಂದೆ."

ಅರಸು ಕನ್ನಡಕ ತೆಗೆದರು. "ಬಯಲು ಹಾಕ್ಕೊಂಡವರಾ?"

"ಹೌದು. ಓಎಸ್‌ಗೆ ಬುದ್ಧಿ ಕೆಟ್ಟರೆ ಇರಲಿ ಅಂತ ನಾವು ಕಾವಲು ಇಟ್ವಿ. ಅವರ ಓಎಸ್‌ಗೆ ಬುದ್ಧಿ ಕೆಟ್ಟಿರಲಿಲ್ಲ. ಕೇಳಿದ ಪ್ರಶ್ನೆ ಅರ್ಥ ಆಗಲಿಲ್ಲ, ಅಷ್ಟೇ. ಪ್ರಶ್ನೆ ಇದೆ ಅಂತ ಎಲ್ಲರಿಗೂ ತಿಳಿಸೋಣ ಸರ್. ಉತ್ತರ ಹೇಗೆ ಕೊಡಬೇಕು ಅಂತಾನೂ. ತಿಳಿದನಿ ಕೊಡೋದು ಬೇಡ, ನಕ್ಷೆ ಕೊಡೋದು ಬೇಡ. ಇದೊಂದು."

ಅವರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಕಿಟಕಿಯ ಹೊರಗೆ ಕಾರ್ಖಾನೆಯ ಪಾಳಿ ಬದಲಾಗಿ ಜನ ಗೇಟಿನ ಕಡೆ ನಡೆಯುತ್ತಿದ್ದರು.

"ನಾನು ತಿಳಿಸಬೇಡ ಅಂದ್ರೆ?"

"ನಾನೇ ಹೊರಗೆ ಹೋಗಿ ತಿಳಿಸ್ತೀನಿ. ನನ್ನ ಹೆಸರು ಹಾಕಿ. ಆಮೇಲೆ ಕೋರ್ಟು ಏನನ್ನುತ್ತೋ ಅನ್ನಲಿ. ಆದ್ರೆ ಮೊದಲು ನಿಮ್ಮ ಹತ್ತಿರ ಬರಬೇಕು ಅನ್ನಿಸ್ತು."

"ಕಾವಲು ಇಟ್ಟವನು ನಾನು, ಮಂದಾಕಿನಿ," ಎಂದರು ಅರಸು. "ನೀವು ಇವತ್ತು ಹೋಗಿ ಕೆಲಸ ಮಾಡಿ. ನನಗೆ ಸ್ವಲ್ಪ ಸಮಯ ಬೇಕು."

ಒಂದು ವಾರದ ಮೇಲೆ ಮಧ್ಯಾಹ್ನದ ಊಟ ಮುಗಿಸಿ ಬಂದವಳನ್ನು ಅವರೇ ಕರೆಸಿದರು. ಆಡಳಿತ ಮಂಡಳಿಯ ಸಭೆಯಿಂದ ಆಗತಾನೇ ಬಂದಿದ್ದರು. ಕೋಟು ಕುರ್ಚಿಯ ಮೇಲಿತ್ತು.

"ಬೇಡ ಅಂದ್ರು," ಎಂದರು. "ಬೇರೆಯವರ ಓಎಸ್ ಹಾಕ್ಕೊಂಡವನ ಕಿವಿಗೆ ನಾವ್ಯಾಕೆ ಹೊಣೆ ಅಂತ ಕಾನೂನು ವಿಭಾಗದವರು ಕೇಳಿದ್ರು."

"ನೀವೇನಂದ್ರಿ ಸರ್?"

"ಓಎಸ್ ಬೇರೆಯವರದ್ದು, ಕಿವಿ ನಮ್ಮದೇ ಅಲ್ವಾ ಅಂದೆ. ಕಾಫಿ ಬಂತು." ಅವರು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. "ಯಂತ್ರದಿಂದ ಅಪಾಯ ಇದೆ ಅಂತ ಗೊತ್ತಾದ್ರೆ ವೈದ್ಯರಿಗೆಲ್ಲ ಎಚ್ಚರಿಕೆ ಕೊಡೋ ಅಧಿಕಾರ ಮುಖ್ಯ ಎಂಜಿನಿಯರಿಗೆ ಇದೆ. ಅದಕ್ಕೆ ಮಂಡಳಿಯ ಒಪ್ಪಿಗೆ ಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ನಾನೇ ಬರೆಸಿದ ನಿಯಮ, ರಘೋತ್ತಮ ಬಿದ್ದ ವರ್ಷ."

ಎಚ್ಚರಿಕೆ ಒಂದೇ ಪುಟದ್ದು. ಕಾವಲು ಏನು, ಯಾವಾಗ ಕೇಳುತ್ತದೆ, ಏನು ಉತ್ತರ ಕೊಡಬೇಕು ಎಂದು ಸರಳವಾಗಿ ಬರೆದಿದ್ದರು. ಕೆಳಗೆ ಅವರ ಸಹಿ ಇತ್ತು. ಮಂದಾಕಿನಿ ಪೆನ್ನು ತೆಗೆದಳು.

"ನೀವು ಹಾಕಬೇಕಾಗಿಲ್ಲ," ಎಂದರು ಅರಸು. "ನನಗೆ ಇನ್ನೆಷ್ಟು ದಿನದ ಕೆಲಸ. ನಿಮಗೆ ಮುಂದೆ ಬಹಳ ಇದೆ."

"ಅದಕ್ಕೇ ಹಾಕ್ತೀನಿ ಸರ್," ಎಂದು ಅವರ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು.

ಸಂಜೆಯೊಳಗೆ ಆ ಪುಟ ನಾಡಿನ ಎಲ್ಲ ಶ್ರವಣ ತಜ್ಞರಿಗೂ ಹೋಯಿತು. ಯಾರು ಬೇಕಾದರೂ ಓದುವ ಹಾಗೆ ಸಂಸ್ಥೆಯ ಜಾಲತಾಣದಲ್ಲೂ ಬಂತು. ಬಯಲಿನವರು ಅದನ್ನು ಓದಿ ಕಾವಲಿಗೆ ಉತ್ತರ ಬರೆದರು. ತಾವು ಎಲ್ಲಿಂದ ತಿಳಿದುಕೊಂಡೆವು ಎಂದೂ ಅದರ ಮೊದಲ ಸಾಲಿನಲ್ಲೇ ನಮೂದಿಸಿದರು. ಅರಸು ಅವರನ್ನು ಆ ತಿಂಗಳ ಕೊನೆಗೆ ಹಾರ ಹಾಕಿ ಮನೆಗೆ ಕಳಿಸಿದರು. ಮಂದಾಕಿನಿಯನ್ನು ಕೆಲಸದಿಂದ ತೆಗೆಯಲಿಲ್ಲ. ತಿಳಿದನಿಯಿಂದ ಬಿಡಿಸಿ, ನೆಲಮಹಡಿಯಲ್ಲಿದ್ದ ಹಳೆಯ ಕಿವಿಗಳ ದೂರು ವಿಭಾಗಕ್ಕೆ ಹಾಕಿದರು. ಕ್ಯಾಂಟೀನಿನಲ್ಲಿ ಕೆಲವರು ಅವಳ ಮೇಜಿಗೆ ಬಂದು ಕೂರುವುದನ್ನು ಬಿಟ್ಟರು. ಕೆಲವರು ಹೊಸದಾಗಿ ಬಂದು ಕೂತರು.

*

ಮಂಡ್ಯಕ್ಕೆ ಹೋಗುವ ದಿನ ಗೊತ್ತಾದ ಮೇಲೆ ಮಂದಾಕಿನಿ ಉಮಾಪತಿಯ ಜೊತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ನಡೆದಳು. ಅವನ ಈ ಕಿವಿಗೆ ಅವಳ ಮಾತು ಕೇಳಿಸುವ ಕೊನೆಯ ದಿನಗಳು ಅವು.

"ನಿಮ್ಮ ನಕ್ಷೆ ನಾನು ತೆಗೆದುಕೊಡಬಲ್ಲೆ," ಎಂದಳು. "ದೂರು ವಿಭಾಗದಲ್ಲಿ ಅದಕ್ಕೆ ಬೇಕಾದ ಎಲ್ಲ ಇದೆ. ಬಯಲಿಗೆ ಅರ್ಥ ಆಗೋ ಹಾಗೆ ಬದಲಾಯಿಸಿ ಕೊಡ್ತೀನಿ. ನಿಮಗೊಬ್ಬರಿಗೆ. ಯಾರಿಗೂ ಗೊತ್ತಾಗಲ್ಲ."

ಉಮಾಪತಿ ನೀರಿನ ಮೇಲೆ ಇಳಿಯುತ್ತಿದ್ದ ಹೆಜ್ಜಾರ್ಲೆ ಹಕ್ಕಿಗಳನ್ನು ನೋಡುತ್ತಾ ನಡೆದ. "ಆ ಇಮ್ತಿಯಾಜ್‌ಗೆ?"

"ಅವರಿಗೆ ಮತ್ತೆ ಆಪರೇಷನ್ ಆಗಬೇಕು. ಕಂಪನಿ ಮಾಡಿಸಿಕೊಡೋ ಮಾತಾಡ್ತಿದೆ. ಆಮೇಲೆ ಮೊದಲಿಂದ ಕಲೀಬೇಕು."

"ಅವರು ಮೊದಲಿಂದ ಕಲೀತಾರೆ, ನಾನು ಹೆಂಡತಿ ಕೈಲಿ ತರಿಸ್ಕೋತೀನಿ. ಬೇಡ ಮಂದಾ. ನಿನ್ನ ಮಾತನ್ನ ಕದ್ದ ಕಿವೀಲಿ ಕೇಳೋದು ಬೇಡ ನನಗೆ."

ಅವಳು ಮತ್ತೆ ಕೇಳಲಿಲ್ಲ. ಒಂದಷ್ಟು ದೂರ ನಡೆದ ಮೇಲೆ ಅವನೇ, "ಏನಾದ್ರೂ ಮಾತಾಡ್ತಾ ಇರು," ಎಂದ. ಅವಳಿಗೆ ಏನೂ ತೋಚದೆ, ದೂರು ವಿಭಾಗದ ಮುರಿದ ಫ್ಯಾನು, ಪಕ್ಕದ ಮನೆಯವರ ಹೊಸ ಕಾರು, ತಿಂಗಳ ಸಾಮಾನು ಅಂತ ಬಾಯಿಗೆ ಬಂದದ್ದನ್ನೆಲ್ಲ ಮನೆ ತಲುಪುವ ತನಕ ಮಾತಾಡಿದಳು.

ಮಂಡ್ಯದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಸಲೋಮಿ ಕಿವಿಯ ಹಿಂದೆ ಒಂದು ಬಿಲ್ಲೆ ಅಂಟಿಸಿ, ಪರದೆಯ ಮೇಲೆ ಎರಡು ಕಡೆ ಒತ್ತಿ, ಕಾದಳು. ಉಮಾಪತಿ ಒಮ್ಮೆ ಬೆಚ್ಚಿ ಬಿದ್ದ.

"ಕೇಳಿಸ್ತಿದ್ಯಾ?" ಎಂದಳು ಮಂದಾಕಿನಿ.

ಅವನು ಅವಳ ತುಟಿಗಳನ್ನು ನೋಡಿದ. "ತಗಡಿನ ಡಬ್ಬಿಗೆ ಹುರುಳಿಕಾಳು ಹಾಕಿ ಅಲ್ಲಾಡಿಸಿದ ಹಾಗಿದೆ," ಎಂದ. ನಗಲು ಪ್ರಯತ್ನಪಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

ಹಿಂದಿರುಗುವಾಗ ಕಾರನ್ನು ಮಂದಾಕಿನಿಯೇ ಓಡಿಸಿದಳು. ಉಮಾಪತಿ ವರುಣಾದ ಕಡೆ ಕೈ ತೋರಿಸಿದ. ದೇವೀರಮ್ಮನ ಹಸು ಹಿತ್ತಲಲ್ಲಿ ಮೆಲುಕು ಹಾಕುತ್ತಾ ನಿಂತಿತ್ತು. ಅವನು ಅದರ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದ. ಹೊಟ್ಟೆಯ ಸದ್ದಿಗೆ ಅಕ್ಷರಗಳಿಲ್ಲ, ಅದಕ್ಕೆ ನಕ್ಷೆ ಬೇಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹುಬ್ಬುಗಳ ಗಂಟು ಸಡಿಲವಾಯಿತು, ಬಾಯಿಯ ಕೊನೆಯಲ್ಲಿ ನಗು ಮೂಡಿತು. ಅವನು ಅಲ್ಲಿಂದ ಕದಲಲೇ ಇಲ್ಲ.

"ಡಾಕ್ಟ್ರು ಹಸೂನ ಮುದ್ದು ಮಾಡ್ತಾವ್ರಾ?" ಎಂದು ದೇವೀರಮ್ಮ ಮಂದಾಕಿನಿಯನ್ನು ಕೇಳಿದಳು.

ಮಂದಾಕಿನಿಗೆ ಸಂತೋಷವಾಯಿತು. ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವ ಹಾಗೆ, ಆ ಹಸುವಿನ ಮೇಲೆ ಹೊಟ್ಟೆಕಿಚ್ಚೂ ಆಯಿತು.

*

ಆಮೇಲಿನ ತಿಂಗಳುಗಳು ಉದ್ದವಾಗಿದ್ದವು. ಬೆಳಗ್ಗೆ ತಿಂಡಿಗೆ ಮೊದಲು ಮಂದಾಕಿನಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವಳು. ಉಮಾಪತಿ ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳುವನು. ಮಾರುಕಟ್ಟೆ ಧಾರಣೆ, ಕ್ರಿಕೆಟ್ಟು, ಶ್ರದ್ಧಾಂಜಲಿ, ಯಾವುದನ್ನೂ ಬಿಡಲಿಲ್ಲ. ಬೆರಳು ತೆಗೆದರೆ ಎಲ್ಲವೂ ಮತ್ತೆ ಹುರುಳಿಕಾಳು. ಒಮ್ಮೊಮ್ಮೆ ಅವನು ರೇಗಿ ಎದ್ದು ಹೋಗುವನು. ಒಂದು ಸಲ ಅವಳೇ ಪತ್ರಿಕೆ ಎಸೆದು, ನೀವು ಆರಿಸಿಕೊಂಡದ್ದು ತಾನೇ ಎಂದು ಕೂಗಿದಳು. ಕೂಗಿದ್ದು ಏನೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ನಿಧಾನವಾಗಿ, ತುಟಿ ಕಾಣುವ ಹಾಗೆ ಮತ್ತೆ ಹೇಳಬೇಕಾಗಿ ಬಂದಾಗ ಅವಳಿಗೆ ಹೇಳುವ ಮನಸ್ಸೇ ಉಳಿದಿರಲಿಲ್ಲ.

ಕೆಲಸದಲ್ಲಿ ಮಾತ್ರ ಅವನು ಮೊದಲಿನ ಉಮಾಪತಿಯಾಗಿದ್ದ. ಬನ್ನೂರಿನ ಹತ್ತಿರ ಒಂದು ಹಸುವಿನ ಪಕ್ಕೆ ತಟ್ಟಿ ಟಿಣ್ ಎಂಬ ಸದ್ದು ಹಿಡಿದು, ಅದೇ ದಿನ ಆಪರೇಷನ್ ಮಾಡಿ ಉಳಿಸಿದ. ಅವನನ್ನು ನೋಡಿ ಇನ್ನೂ ಕೆಲವರು ಬಯಲಿಗೆ ಹೋದರು: ಮೆಕ್ಯಾನಿಕ್ಕುಗಳು, ಒಬ್ಬ ತಬಲಾ ಮೇಷ್ಟರು, ಪಕ್ಷಿಗಳ ಹಿಂದೆ ಬಿದ್ದ ಒಬ್ಬ ಕಾಲೇಜು ಉಪನ್ಯಾಸಕಿ. ಹಾಗೆ ಹೋಗುವವರು ಹೆಚ್ಚಾದಂತೆ ನಿನದದ ಮೇಲಿನ ಮಹಡಿಯಲ್ಲಿ ಸಭೆಗಳು ನಡೆದವು. ದೀಪಾವಳಿಯ ಹೊತ್ತಿಗೆ ತಿಳಿದನಿಗೆ ಒಂದು ಸ್ವಿಚ್ ಬಂತು. ಅದನ್ನು ಬರೆಯಲು ಮಂದಾಕಿನಿಯನ್ನು ಕರೆಯಲಿಲ್ಲ. ಬರೆದಾದ ಮೇಲೆ ತಪ್ಪು ಹುಡುಕಲು ಕರೆದರು. ಹೋಗಿ ಹುಡುಕಿಕೊಟ್ಟಳು. ಹೆಚ್ಚಿನ ಜನ ಆ ಸ್ವಿಚ್ಚನ್ನು ಮುಟ್ಟಲೇ ಇಲ್ಲ, ಸಲೋಮಿಯ ತಾಯಿಯ ಹಾಗೆ ತಿಳಿದನಿಯಲ್ಲೇ ಸುಖವಾಗಿದ್ದರು. ಈಗ ವಾಪಸ್ಸು ಬರಬಹುದಲ್ಲ ಎಂದು ಮಂದಾಕಿನಿ ಕೇಳಿದಾಗ ಉಮಾಪತಿ ಯೋಚಿಸಿ, "ಇಷ್ಟು ದೂರ ಬಂದಾಯ್ತು," ಎಂದ.

ಸಂಕ್ರಾಂತಿ ಕಳೆದ ಒಂದು ಭಾನುವಾರ. ಮಂದಾಕಿನಿ ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಾ, ಫೋನನ್ನು ಕಟ್ಟೆಯ ಮೇಲಿಟ್ಟು ತುಮಕೂರಿನ ಅಕ್ಕನ ಜೊತೆ ಮಾತಾಡುತ್ತಿದ್ದಳು. ಉಮಾಪತಿ ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ.

"ಏನ್ಮಾಡ್ಲಿ ಅಕ್ಕ, ಇವರ ಹಟ ನಿನಗೆ ಗೊತ್ತಲ್ಲ," ಎನ್ನುತ್ತಿದ್ದಳು. "ಒಂದ್ಸಲ ತಲೆಗೆ ಹೊಕ್ಕರೆ ಮುಗೀತು. ಕತ್ತೆಗಾದ್ರೂ ಬುದ್ಧಿ ಹೇಳಬಹುದು, ಈ ಕತ್ತೆ ಡಾಕ್ಟರಿಗೆ ಹೇಳಕ್ಕಾಗಲ್ಲ."

"ಕತ್ತೆ ಡಾಕ್ಟರಲ್ಲ," ಎಂದಿತು ನಡುಮನೆಯಿಂದ ದನಿ. "ದನದ ಡಾಕ್ಟರು."

ಮಂದಾಕಿನಿ ಚಾಕು ಕೆಳಗಿಟ್ಟು ಬಾಗಿಲಿಗೆ ಬಂದಳು. ಅವನು ಇನ್ನೂ ಬೆನ್ನು ಹಾಕಿಯೇ ಕೂತಿದ್ದ. ಬ್ರಷ್ಷು ಶೂವಿನ ಮೇಲೆ ಹಾಗೇ ನಿಂತಿತ್ತು; ತಾನು ಏನು ಮಾಡಿದೆ ಎಂದು ಅವನಿಗೂ ಆಗಷ್ಟೇ ಹೊಳೆದಿತ್ತು.

"ಏನಂದ್ರಿ?" ಎಂದಳು.

ಅವನು ತಿರುಗಲಿಲ್ಲ. ಕೇಳಿಸಿಕೊಳ್ಳಲು ತಲೆಯನ್ನು ಒಂದಿಷ್ಟು ವಾಲಿಸಿದ. "ಮಂದಾ, ನಿನಗೆ ಶೀತ ಆಗಿದ್ಯಾ?"

"ಇಲ್ವಲ್ಲ."

"ದನಿ ಒಡೆದ ಹಾಗಿದೆ. ಗೊಗ್ಗರು ಗೊಗ್ಗರು."

ಮಂದಾಕಿನಿ ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳ ದನಿ ಹುಟ್ಟಿನಿಂದಲೇ ಹಾಗೆ. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿಗೆ ನಿಲ್ಲಿಸಿ, ನೀನು ಬರೀ ತುಟಿ ಆಡಿಸು ಎಂದಿದ್ದರು. ನಿನದದ ಓಎಸ್ ಮೊದಲಿನಿಂದಲೂ ಒರಟು ದನಿಗಳನ್ನು ಕೊಂಚ ನಯ ಮಾಡಿಯೇ ಒಳಗೆ ಬಿಡುತ್ತಿತ್ತು. ಜನಕ್ಕೆ ಅದು ಹಿತವೆಂದು ಪರೀಕ್ಷೆಗಳಲ್ಲಿ ಕಂಡಿತ್ತು. ಅದು ಅವಳಿಗೆ ಗೊತ್ತಿತ್ತು. ತನ್ನ ಮನೆಯಲ್ಲಿ ಅದರ ಅರ್ಥ ಏನು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ನನ್ನ ದನಿ ಇರೋದೇ ಹೀಗೆ," ಎಂದಳು.

ಉಮಾಪತಿ ಈಗ ತಿರುಗಿ ನೋಡಿದ. "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಮಾತು ಕೇಳ್ತಿದ್ದೆ?"

"ನನ್ನದೇ. ಸ್ವಲ್ಪ ಇಸ್ತ್ರಿ ಮಾಡಿದ್ದು."

ಕಟ್ಟೆಯ ಮೇಲಿನ ಫೋನಿನಲ್ಲಿ ಅಕ್ಕ, "ಹಲೋ, ಇದ್ದೀಯೇನೇ? ಏನಾಯ್ತೇ?" ಎನ್ನುತ್ತಿದ್ದಳು.

"ಹೋಗು, ಅಕ್ಕ ಕಾಯ್ತಿದ್ದಾರೆ," ಎಂದು ಉಮಾಪತಿ ಮತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತ. "ನನ್ನನ್ನ ಬೈಯೋದು ಅರ್ಧಕ್ಕೇ ನಿಂತಿದೆ. ಪೂರ್ತಿ ಮಾಡು, ಕೇಳ್ತೀನಿ."

ಮಂದಾಕಿನಿ ಒಳಗೆ ಹೋಗಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು, ನಡುಮನೆಗೆ ಕೇಳುವಷ್ಟು ಗಟ್ಟಿಯಾಗಿ, ಅವನ ಮೇಲಿನ ದೂರುಗಳನ್ನು ಮೊದಲಿನಿಂದ ಹೇಳತೊಡಗಿದಳು.